ಬಂಟ್ ಮತ್ತು ಬಂಟ

ನಾನು ಕನ್ನಡದ ಮೇಷ್ಟ್ರು. ಆಟದ ಮೈದಾನಕ್ಕೂ ನನಗೂ ಇರುವ ನಂಟು ಅದರ ಅಂಚಿನ ಹೊಂಗೆಯ ಮರದ ನೆರಳಿನವರೆಗೆ ಮಾತ್ರ. ಮಂಡ್ಯದ ಬಿಸಿಲಿನಲ್ಲಿ ಆ ನೆರಳನ್ನು ದಾಟಿ ಮುಂದೆ ಹೋಗುವ ಉತ್ಸಾಹ ನಲವತ್ತು ಕಳೆದವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಹೀಗಿದ್ದೂ ಇಂದು ಸಾಫ್ಟ್‌ಬಾಲ್ ಎಂಬ ಆಟದ ಒಂದು ಪುಟ್ಟ ಪೆಟ್ಟನ್ನು ಕುರಿತು ಬರೆಯಲು ಕುಳಿತಿದ್ದೇನೆ. ಅದಕ್ಕೆ ಕಾರಣ ಎರಡು. ಆ ಪೆಟ್ಟಿನ ಹೆಸರು ಕನ್ನಡದ ಕಿವಿಗೆ ಕನ್ನಡದ ಮಾತಿನಂತೆಯೇ ಕೇಳಿಸುತ್ತದೆಂಬುದು ಒಂದು. ಆ ಪೆಟ್ಟಿನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆಂಬುದು ಇನ್ನೊಂದು. ತಪ್ಪು ಸಣ್ಣದು, ಅಚ್ಚಾದ ಒಂದು ಪುಟದಲ್ಲಿ ಒಂದು ಸಾಲು ಇರಬೇಕಾದ ಕಡೆ ಇಲ್ಲದೆಹೋದದ್ದು. ಆದರೆ ಓದಿ ಬರೆಯುವುದನ್ನೇ ಕಸುಬು ಮಾಡಿಕೊಂಡವನಿಗೆ ಬಿಟ್ಟುಹೋದ ಸಾಲಿಗಿಂತ ದೊಡ್ಡ ತಪ್ಪು ಮತ್ತಾವುದು?

ನಡೆದದ್ದು ಇಷ್ಟು. ಒಂದು ಅಂತರ ಕಾಲೇಜು ಪಂದ್ಯದಲ್ಲಿ ನಮ್ಮ ಹುಡುಗಿಯರ ಸಾಫ್ಟ್‌ಬಾಲ್ ತಂಡ ಒಂದೇ ಒಂದು ರನ್ನಿನಿಂದ ಗೆದ್ದು ಬಂತು. ವಾರ್ಷಿಕ ಸಂಚಿಕೆಯ ಸಂಪಾದಕತ್ವ ನನ್ನ ತಲೆಗೆ ಕಟ್ಟಿದ್ದರಿಂದ, ಆಟದ ವಿವರವನ್ನು ನಾಲ್ಕು ಮಾತಿನಲ್ಲಿ ಕೇಳಿ ತಿಳಿದುಕೊಂಡು ನಾನೇ ವರದಿಯನ್ನು ಬರೆದೆ. ಕೊನೆಯ ಸರದಿ, ಎರಡೂ ಕಡೆ ಸಮ ಸಮ. ನಮ್ಮ ಮೊದಲನೆಯ ಹುಡುಗಿ ಚೆಂಡನ್ನು ಎಡಮೂಲೆಗೆ ಅಟ್ಟಿ ಎರಡನೆಯ ಬೇಸಿಗೆ ತಲಪಿದಳು. ಇನ್ನೊಬ್ಬಳು ಚೆಂಡನ್ನು ಬಾನಿಗೆ ಎತ್ತಿ ದೂರಕ್ಕೆ ಹೊಡೆದಳು. ಎದುರಾಳಿಗಳು ಅದನ್ನು ಹಿಡಿದರೂ, ಹಿಡಿದು ಎಸೆಯುವಷ್ಟರಲ್ಲಿ ಮೊದಲನೆಯವಳು ಓಡಿ ಬಂದು ಮನೆ ಮುಟ್ಟಿಬಿಟ್ಟಳು. ಗೆಲವು ನಮ್ಮದಾಯಿತು. ನಾನು ಒಂದೆರಡು ಉಪಮೆಗಳನ್ನೂ ಸೇರಿಸಿ, ಬರೆದದ್ದು ಚೆನ್ನಾಗಿದೆ ಎಂದುಕೊಂಡು, ಅಚ್ಚಿಗೆ ಕೊಟ್ಟೆ.

ಸಂಚಿಕೆ ಹೊರಬಂದ ವಾರದಲ್ಲಿ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿ ನನ್ನ ಕೊಠಡಿಯ ಬಾಗಿಲಲ್ಲಿ ನಿಂತಳು. ಮಳವಳ್ಳಿಯ ಕಡೆಯ ಹಳ್ಳಿಯವಳು. ತರಗತಿಯಲ್ಲಿ ಮಾತು ಕಡಿಮೆ. ಕೈಯಲ್ಲಿ ಸಂಚಿಕೆ ಇತ್ತು.

“ಸಾರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಕೇಳಬೇಕಾಗಿತ್ತು.”

“ಕೇಳಮ್ಮ.”

“ಎರಡನೇ ಬೇಸಲ್ಲಿದ್ದವಳು ಮೂರನೇ ಬೇಸಿಗೆ ಹೆಂಗೆ ಹೋದಳು ಅಂತ ಬರೆದಿಲ್ಲ, ಸಾರ್.”

ನಾನು ಪುಟವನ್ನು ನೋಡಿದೆ. ನಿಜ; ಬರೆದಿರಲಿಲ್ಲ. ನನ್ನ ವರದಿಯಲ್ಲಿ ಆ ಹುಡುಗಿ ಎರಡನೆಯ ಬೇಸಿನಿಂದ ನೇರವಾಗಿ ಮನೆಗೆ ಹಾರಿಬಂದಿದ್ದಳು. “ಹೇಗೆ ಹೋದಳು?” ಎಂದು ಕೇಳಿದೆ. ಅವಳು ನೆಲವನ್ನು ನೋಡುತ್ತ, “ನಾನು ಬಂಟ್ ಮಾಡಿದೆ, ಸಾರ್,” ಎಂದಳು.

ನನಗೆ ಕೇಳಿಸಿದ್ದು ‘ಬಂಟ’ ಎಂದು. ಆಟದಲ್ಲಿ ಬಂಟನೆಲ್ಲಿ ಬಂದ ಎಂದು ಗಾಬರಿಯಾಯಿತು. ಆಮೇಲೆ ಆಕೆಯೇ ಬಿಡಿಸಿ ಹೇಳಿದಳು. ಅಂದು ಗುರು ಶಿಷ್ಯರ ಸ್ಥಾನ ಅದಲುಬದಲಾಯಿತು; ಅರ್ಧ ಗಂಟೆಯ ಕಾಲ ಆಕೆ ಹೇಳಿದಳು, ನಾನು ಕೇಳಿದೆ.

ಆಟವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಸಾಫ್ಟ್‌ಬಾಲ್ 1887ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ, ಚಳಿಗಾಲದಲ್ಲಿ ಮನೆಯೊಳಗೆ ಆಡಲೆಂದು, ಬೇಸ್‌ಬಾಲಿನಿಂದ ಒಡೆದು ಬಂದ ಆಟ. ಮೈದಾನದಲ್ಲಿ ಚಚ್ಚೌಕವಾಗಿ ನಾಲ್ಕು ನೆಲೆಗಳು. ನಾಲ್ಕನೆಯದು ಆಟಗಾರ್ತಿ ದಾಂಡು ಹಿಡಿದು ನಿಲ್ಲುವ ‘ಮನೆ’. ನೆಲೆಯಿಂದ ನೆಲೆಗೆ 60 ಅಡಿ. ಚೆಂಡನ್ನೆಸೆಯುವವಳು ನಿಲ್ಲುವುದು ಹೆಂಗಸರ ಆಟದಲ್ಲಿ 43 ಅಡಿಯ ದೂರದಲ್ಲಿ. ಕೈಯನ್ನು ಗಾಣದಂತೆ ಸುತ್ತಿಸಿ ಸೊಂಟದ ಕೆಳಗಿನಿಂದ ಎಸೆಯುತ್ತಾಳೆ. ಹೊಡೆದವಳು ಮೂರು ನೆಲೆಗಳನ್ನೂ ಸುತ್ತಿ ಮನೆಗೆ ಮರಳಿದರೆ ಒಂದು ರನ್. ಮೂವರು ಔಟಾದರೆ ಸರದಿ ಮುಗಿಯಿತು. ಮನೆಯಿಂದ ಹೊರಟು, ನೆಲೆ ನೆಲೆಯಲ್ಲಿ ತಂಗಿ, ಮನೆಗೇ ಮರಳುವ ಈ ಆಟ ನಮ್ಮ ಬದುಕಿಗೆ ಕ್ರಿಕೆಟ್ಟಿಗಿಂತ ಹತ್ತಿರವಾದುದೆಂದು ನನಗೆ ತೋರುತ್ತದೆ. ಆ ಮಾತು ಹಾಗಿರಲಿ.

ಬಂಟ್ ಎಂಬುದು ಹೊಡೆಯದಿರುವ ಹೊಡೆತ. ದಾಂಡನ್ನು ಬೀಸುವುದಿಲ್ಲ, ಚೆಂಡಿನ ದಾರಿಯಲ್ಲಿ ಹಿಡಿದು ನಿಲ್ಲಿಸುತ್ತಾರೆ, ಅಷ್ಟೆ. ಚೆಂಡು ತಾಗಿ, ಜೀವ ಕಳೆದುಕೊಂಡು, ಹತ್ತಿಪ್ಪತ್ತು ಅಡಿ ಉರುಳಿ ಹುಲ್ಲಿನ ಮೇಲೆ ನಿಲ್ಲುತ್ತದೆ. ಎದುರಾಳಿಗಳು ಧಾವಿಸಿ ಬಂದು ಅದನ್ನು ಹೆಕ್ಕಿ ಮೊದಲ ಬೇಸಿಗೆ ಎಸೆಯುವ ಹೊತ್ತಿಗೆ, ಹೊಡೆದವಳು ಸಾಮಾನ್ಯವಾಗಿ ಔಟಾಗುತ್ತಾಳೆ. ಆದರೆ ಅಷ್ಟರಲ್ಲಿ ಆಗಲೇ ಬೇಸಿನ ಮೇಲಿದ್ದ ಸಂಗಾತಿ ಒಂದು ನೆಲೆ ಮುಂದೆ ಹೋಗಿರುತ್ತಾಳೆ. ತಾನು ಔಟಾಗುವೆನೆಂದು ಮೊದಲೇ ತಿಳಿದು ಆಡುವ ಆಟವಿದು. ಆದ್ದರಿಂದಲೇ ಆಟದ ಪರಿಭಾಷೆಯಲ್ಲಿ ಇದಕ್ಕೆ ‘ತ್ಯಾಗ’ವೆಂಬ ಅರ್ಥದ ಹೆಸರೇ ಇದೆ.

ಹೊಡೆಯದಿರುವುದೆಂದರೆ ಸುಲಭವೆಂದು ಯಾರೂ ತಿಳಿಯಬಾರದು. ಆಕೆ ನನ್ನ ಕೊಠಡಿಯಲ್ಲಿದ್ದ ಕೊಡೆಯನ್ನೇ ದಾಂಡು ಮಾಡಿಕೊಂಡು ತೋರಿಸಿದಳು. ಪಕ್ಕಕ್ಕೆ ನಿಂತಿದ್ದವಳು ಪಾದ ತಿರುಗಿಸಿ ಎದೆಯನ್ನು ಎಸೆತಗಾರ್ತಿಗೆ ಎದುರಾಗಿ ಮಾಡಬೇಕು. ಕೆಳಗಿನ ಕೈ ಹಿಡಿಯಲ್ಲೇ ಇರಬೇಕು. ಮೇಲಿನ ಕೈ ದಾಂಡಿನ ನಡುವಿನವರೆಗೆ ಜಾರಿ, ಹೆಬ್ಬೆರಳೂ ತೋರುಬೆರಳೂ ಚಿವುಟಿ ಹಿಡಿದಂತೆ, ಮಿಕ್ಕ ಬೆರಳುಗಳು ದಾಂಡಿನ ಹಿಂದೆ ಮಡಿಸಿರಬೇಕು. ಮುಂದೆ ಚಾಚಿದರೆ ಚೆಂಡು ಬೆರಳನ್ನೇ ಜಜ್ಜುತ್ತದೆ. ದಾಂಡಿನ ತಲೆ ಹಿಡಿಗಿಂತ ಎತ್ತರದಲ್ಲಿರಬೇಕು. ತಗ್ಗಿದರೆ ಚೆಂಡು ಮೇಲಕ್ಕೆ ಚಿಮ್ಮಿ ಸುಲಭದ ಕ್ಯಾಚಾಗುತ್ತದೆ. ದಾಂಡನ್ನು ಮೊದಲು ಎತ್ತರದ ಎಸೆತದ ಮಟ್ಟದಲ್ಲೇ ಹಿಡಿಯಬೇಕು. ಅದಕ್ಕೂ ಮೇಲೆ ಬಂದರೆ ಬಿಡಬೇಕು. ಕೆಳಗೆ ಬಂದರೆ ಕೈ ಇಳಿಸಬಾರದು, ಮಂಡಿ ಬಗ್ಗಿಸಬೇಕು. ಇವೆಲ್ಲಕ್ಕೂ ಮಿಗಿಲಾದುದು ತಾಗುವ ಗಳಿಗೆ. ಆ ಗಳಿಗೆಯಲ್ಲಿ ದಾಂಡು ಮುಂದೆ ಹೋಗಕೂಡದು. ಕೂದಲೆಳೆಯಷ್ಟು ಹಿಂದೆ ಬರಬೇಕು. ಮನೆ ಕಟ್ಟುವ ಕಡೆ ಮೇಲಿನವನು ಕೆಳಗಿನಿಂದ ಎಸೆದ ಇಟ್ಟಿಗೆಯನ್ನು ಕೈ ಹಿಂದಕ್ಕೆಳೆದು ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ, ಹಾಗೆ.

“ಚೆಂಡನ್ನ ಹೊಡೀಬಾರ್ದು ಸಾರ್, ಇಸ್ಕೋಬೇಕು,” ಎಂದಳು. ಇಸಿದುಕೊಳ್ಳುವುದು ಎಂದರೆ ಕೊಟ್ಟದ್ದನ್ನು ಕೈಯೊಡ್ಡಿ ತೆಗೆದುಕೊಳ್ಳುವುದು. ಯಾವ ಕೈಪಿಡಿಯೂ ಬಂಟಿನ ಮರ್ಮವನ್ನು ಇದಕ್ಕಿಂತ ಚೆನ್ನಾಗಿ ಹೇಳಲಾರದು.

ಇನ್ನು ಎಲ್ಲಿಗೆ ಉರುಳಿಸಬೇಕೆಂಬುದು ತಂತ್ರದ ಮಾತು. ಸಂಗಾತಿ ಮೊದಲ ಬೇಸಿನಲ್ಲಿದ್ದರೆ ಬಂಟ್ ಸಾಮಾನ್ಯವಾಗಿ ಮೊದಲ ಬೇಸಿನ ಗೆರೆಯತ್ತ ಉರುಳಬೇಕು. ಸಂಗಾತಿ ಎರಡನೆಯ ಬೇಸಿನಲ್ಲಿದ್ದರೆ ಮೂರನೆಯ ಬೇಸಿನ ಗೆರೆಯತ್ತ, ಅಲ್ಲಿ ಕಾಯುವವಳೇ ನೆಲೆ ಬಿಟ್ಟು ಓಡಿಬಂದು ಹೆಕ್ಕುವಷ್ಟು ದೂರ. ಕಾಯುವವಳನ್ನೇ ಹೊರಗೆಳೆದರೆ ಆ ನೆಲೆ ಬರಿದಾಗುತ್ತದೆ. ಅಂದು ನಮ್ಮ ಹುಡುಗಿ ಮಾಡಿದ್ದು ಇದನ್ನೇ. ತಾನು ಮೊದಲ ಬೇಸಿನ ಬಳಿ ಔಟಾದಳು. ಎರಡನೆಯ ಬೇಸಿನಲ್ಲಿದ್ದವಳು ಮೂರನೆಯದನ್ನು ಸೇರಿದಳು. ಆಮೇಲೆ ಬಂದವಳ ಎತ್ತರದ ಹೊಡೆತವನ್ನು ಎದುರಾಳಿ ಹಿಡಿದಾಗ, ಮೂರನೆಯ ಬೇಸಿನಿಂದ ಮನೆಗೆ ಓಡಲು ಸಾಧ್ಯವಾಯಿತು. ಎರಡನೆಯದರಿಂದ ಓಡಲು ಸಾಧ್ಯವಾಗುತ್ತಿರಲಿಲ್ಲ. ನಾನು ಉಪಮೆಯ ಮೇಲೆ ಉಪಮೆಯಿಟ್ಟು ಹೊಗಳಿದ ಆ ಹೊಡೆತ ಬಂಟಿಲ್ಲದಿದ್ದರೆ ಬರಿಯ ಒಂದು ಕ್ಯಾಚಾಗಿ ಮುಗಿದುಹೋಗುತ್ತಿತ್ತು.

ಮನೆಗೆ ಬಂದು ನಿಘಂಟುಗಳನ್ನು ತೆರೆದೆ, ಮೇಷ್ಟ್ರ ಚಾಳಿ. ಇಂಗ್ಲಿಷಿನ ‘ಬಂಟ್’ ಎಂಬ ಮಾತಿಗೆ ಆಡು ಕುರಿಗಳು ತಲೆಯಿಂದ ಹಾಯುವುದು, ಗುದ್ದುವುದು ಎಂದು ಅರ್ಥ. ನಮ್ಮ ‘ಬಂಟ’ ಸಂಸ್ಕೃತದ ‘ಭಟ’ದ ತದ್ಭವ, ಸೈನಿಕ, ಆಳು, ನಿಷ್ಠೆಯುಳ್ಳ ಸೇವಕ. ಹನುಮಂತನನ್ನು ನಾವು ರಾಮನ ಬಂಟನೆನ್ನುತ್ತೇವೆ. ಎರಡು ಮಾತುಗಳಿಗೂ ಹುಟ್ಟಿನ ಸಂಬಂಧ ಏನೇನೂ ಇಲ್ಲ. ಆದರೂ ಆಕಸ್ಮಿಕಗಳು ಒಮ್ಮೊಮ್ಮೆ ವ್ಯುತ್ಪತ್ತಿಗಿಂತ ಹೆಚ್ಚಿನದನ್ನು ಕಲಿಸುತ್ತವೆ. ತನ್ನನ್ನು ಒಪ್ಪಿಸಿ ಇನ್ನೊಬ್ಬರನ್ನು ಮುಂದಕ್ಕೆ ಕಳಿಸುವವನೇ ತಾನೆ ಬಂಟ? ಹಾಗಾದರೆ ಈ ಪೆಟ್ಟಿಗೆ ಬೇರೆ ಕನ್ನಡ ಹೆಸರನ್ನು ಹುಡುಕುವ ಕಷ್ಟವನ್ನು ನಮ್ಮ ಪರಿಭಾಷಾಕಾರರು ತೆಗೆದುಕೊಳ್ಳಬೇಕಾಗಿಲ್ಲ.

ಬಂಟರ ವಿಷಯದಲ್ಲಿ ಹಳಗನ್ನಡ ನಾಡು ಹೇಗೆ ನಡೆದುಕೊಂಡಿತೆಂಬುದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿನ ಚಲ್ಲೇಶ್ವರ ದೇವಾಲಯದ ಎದುರು ಹತ್ತನೆಯ ಶತಮಾನದ ಒಂದು ಕಲ್ಲಿತ್ತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಸೇರಿ 949ರಲ್ಲಿ ತಕ್ಕೋಲದಲ್ಲಿ ಚೋಳರೊಡನೆ ಮಾಡಿದ ಯುದ್ಧ, ಆ ಯುದ್ಧದಲ್ಲಿ ಚೋಳ ರಾಜಾದಿತ್ಯನ ಮರಣ, ಇವುಗಳನ್ನು ಹೇಳುವುದರಿಂದ ಇತಿಹಾಸಕಾರರಿಗೆ ಅದು ಬೆಲೆಯುಳ್ಳದ್ದು. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ರಾಜರಿಗಾಗಿ ಅಲ್ಲ, ಒಂದು ನಾಯಿಗಾಗಿ! ಬೂತುಗನ ಬಂಟ ಮಣಲೆರ ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯನ್ನು ಬೇಡಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು; ಎರಡೂ ಒಂದನ್ನೊಂದು ಕೊಂದು ಸತ್ತುವು. ಕಾಳಿಯ ನೆನಪಿಗೆ ಕಲ್ಲು ನಿಂತಿತು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರ ಮೂಡಿತು. ಪೂಜೆ ನಡೆಯಲೆಂದು ಭೂಮಿಯೂ ಬಿಟ್ಟಿತು.

ವರ್ಷ ವರ್ಷವೂ ತರಗತಿಯಲ್ಲಿ ಈ ಶಾಸನದ ಪಾಠ ಮಾಡುವವನು ನಾನು. ವೀರಗಲ್ಲು ಎಂದರೇನು, ಸತ್ತ ವೀರನ ಮನೆಯವರಿಗೆ ಕೊಡುತ್ತಿದ್ದ ನೆತ್ತರುಗೊಡಗೆ ಎಂದರೇನು, ತಿಂದ ಅನ್ನದ ಋಣ ತೀರಿಸುವ ಜೋಳವಾಳಿ ಎಂದರೇನು, ಎಲ್ಲವನ್ನೂ ವಿವರಿಸುವವನು. ನಮ್ಮ ಪೂರ್ವಿಕರು ಒಂದು ನಾಯಿಯ ದುಡಿಮೆಯನ್ನು ಸಾವಿರ ವರ್ಷ ಅಳಿಯದಂತೆ ಕಲ್ಲಿನಲ್ಲಿ ಕೆತ್ತಿಸಿದರು. ನಾನು ನನ್ನೆದುರು ಕುಳಿತು ಪಾಠ ಕೇಳುವ ಹುಡುಗಿಯ ದುಡಿಮೆಗೆ ಕಾಗದದ ಮೇಲೆ ಒಂದು ಸಾಲನ್ನೂ ಕೊಡಲಿಲ್ಲ. ವಿದ್ವತ್ತು ಒಂದು ಕಡೆ, ವಿವೇಕ ಇನ್ನೊಂದು ಕಡೆ ಎನ್ನುವುದು ಇದಕ್ಕೇ.

ಬೇಸ್‌ಬಾಲಿನವರು ಈ ವಿಷಯದಲ್ಲಿ ನನಗಿಂತ ಜಾಣರು. ಅವರ ಲೆಕ್ಕದ ಪುಸ್ತಕದಲ್ಲಿ ತ್ಯಾಗಕ್ಕೆಂದೇ ಒಂದು ಕಲಮು ಇದೆ. ಅಷ್ಟೇ ಅಲ್ಲ, 1894ರಿಂದ, ಸಂಗಾತಿಯನ್ನು ಮುಂದೆ ಕಳಿಸಲು ಬಂಟ್ ಮಾಡಿ ಔಟಾದರೆ ಅದನ್ನು ಆಟಗಾರನ ಸರಾಸರಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಟ್ಟದ್ದು ಕೊಟ್ಟದ್ದೆಂದು ಬರೆಯುತ್ತಾರೆ, ಕಳೆದುಕೊಂಡದ್ದೆಂದು ಬರೆಯುವುದಿಲ್ಲ. ಹಾಗೆ ಬರೆದಿಟ್ಟ ಕಾರಣದಿಂದಲೇ ರೇ ಚಾಪ್ಮನ್ ಎಂಬಾತ 1917ರ ಒಂದೇ ಋತುವಿನಲ್ಲಿ 67 ಸಲ ಇಂಥ ತ್ಯಾಗ ಮಾಡಿದನೆಂದೂ, ಎಡ್ಡಿ ಕಾಲಿನ್ಸ್ ತನ್ನ ಆಯುಷ್ಯದಲ್ಲಿ 512 ಸಲ ಮಾಡಿದನೆಂದೂ ಇಂದಿಗೂ ತಿಳಿಯುತ್ತದೆ. ಆ ದಾಖಲೆಯನ್ನು 2003ರಲ್ಲಿ ಮುರಿದವನು ಜಪಾನಿನ ಮಸಹಿರೊ ಕವಾಯ್. ಆತನ ಒಟ್ಟು ಲೆಕ್ಕ 533. ಐನೂರ ಮೂವತ್ತಮೂರು ಸಲ ತಾನು ಔಟಾಗಿ ಇನ್ನೊಬ್ಬನನ್ನು ಮುಂದೆ ದಾಟಿಸಿದ ಮನುಷ್ಯನಿಗೆ ಒಂದು ದೇಶ ಹೆಸರು ಕೊಟ್ಟಿತೆಂದರೆ, ಆ ಹೆಸರಿಗೆ ನೆಲೆಯಾದದ್ದು ಯಾರೋ ಒಬ್ಬ ಲೆಕ್ಕಿಗ ಮರೆಯದೆ ಎಳೆದ ಗೀಟು.

ಕ್ರಿಕೆಟ್ಟಿನ ನಾಡಿನವರಾದ ನಮಗೆ ಇದು ಹೊಸದು. ಕ್ರಿಕೆಟ್ಟಿನಲ್ಲಿ ಬಂಟ್ ಇಲ್ಲ; ಇರುವುದು ಸಾಧ್ಯವೂ ಇಲ್ಲ. ಅಲ್ಲಿ ಒಮ್ಮೆ ಔಟಾದವನು ಆ ಇನಿಂಗ್ಸಿನಲ್ಲಿ ಮತ್ತೆ ಬರುವಂತಿಲ್ಲವಾದ್ದರಿಂದ ತನ್ನನ್ನು ಉಳಿಸಿಕೊಳ್ಳುವುದೇ ಪರಮ ಧರ್ಮ. ನಮ್ಮ ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ 31,258 ಎಸೆತಗಳನ್ನು ಎದುರಿಸಿದರು; ಅವರ ದಾಂಡಿಗೆ ತಾಗಿದ ಚೆಂಡು ಕಾಲ ಬುಡದಲ್ಲೇ ಸತ್ತು ಬೀಳುತ್ತಿದ್ದ ಬಗೆಯನ್ನು ಕಂಡವರು ಮರೆಯರು. ಕೈಯ ಮೃದುತ್ವ ಎರಡರಲ್ಲೂ ಒಂದೇ, ಉದ್ದೇಶ ಬೇರೆ. ದ್ರಾವಿಡರ ತಡೆ ನಿಲ್ಲುವುದಕ್ಕಾಗಿ, ಬಂಟ್ ಹೋಗುವುದಕ್ಕಾಗಿ. ನಮ್ಮ ನಾಡಿನ ಆಟಗಳಲ್ಲಿ ಇದರ ನೆಂಟನನ್ನು ಹುಡುಕಬೇಕಾದರೆ ಖೊ ಖೊ ಅಂಕಣಕ್ಕೆ ಹೋಗಬೇಕು. ಬೆನ್ನಟ್ಟುವವನು ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ. ಕೈಗೆ ಸಿಕ್ಕೇಬಿಟ್ಟನೆಂಬಷ್ಟು ಹತ್ತಿರದ ಬೇಟೆಯನ್ನೂ ‘ಖೊ’ ಎಂದು ಕುಳಿತವನ ಬೆನ್ನಿಗೆ ಒಪ್ಪಿಸಿ ತಾನು ಆ ಜಾಗದಲ್ಲಿ ಕುಳಿತುಬಿಡಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ ಖೊ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಮಳವಳ್ಳಿಯ ನೆರೆಯ ಟಿ. ನರಸೀಪುರ ತಾಲ್ಲೂಕಿನ ಹೆಣ್ಣುಮಗಳೊಬ್ಬರೂ ಇದ್ದರು. ಆದರೆ ಖೊ ಖೊ ಆಟದಲ್ಲೂ ಜನರ ನೆನಪಿನಲ್ಲಿ ಉಳಿಯುವುದು ಮುಟ್ಟಿದವರ ಹೆಸರೇ. ಬೆನ್ನು ತಟ್ಟಿ ಕುಳಿತವರದಲ್ಲ.

ಇಷ್ಟು ಹೇಳಿ, ತ್ಯಾಗಕ್ಕೆ ಜಯವಾಗಲಿ ಎಂದು ಮುಗಿಸಿಬಿಡಬಹುದಾಗಿತ್ತು. ಸಭೆಗಳಲ್ಲಿ ಹಾಗೆ ಮುಗಿಸುವುದು ವಾಡಿಕೆ. ಆದರೆ ಆಟವನ್ನು ಇನ್ನಷ್ಟು ಓದಿದಾಗ ನನ್ನ ಉತ್ಸಾಹಕ್ಕೆ ಒಂದು ತಡೆ ಬಿತ್ತು. ಬರೆದಿಟ್ಟ ಲೆಕ್ಕವೇ ಒಂದು ದಿನ ತ್ಯಾಗಕ್ಕೆ ಎದುರಾಗಿ ಸಾಕ್ಷಿ ನುಡಿಯಿತು! ಅಮೆರಿಕದ ಲೆಕ್ಕಿಗರು ಸಾವಿರಾರು ಪಂದ್ಯಗಳನ್ನು ಜರಡಿಯಾಡಿ ನೋಡಿದರು. ಮೊದಲ ಬೇಸಿನಲ್ಲಿ ಒಬ್ಬನಿದ್ದು ಯಾರೂ ಔಟಾಗದಿರುವ ಸ್ಥಿತಿ ನೂರು ಸಲ ಬಂದರೆ, ಆ ಸರದಿಗಳು ಮುಗಿಯುವ ಹೊತ್ತಿಗೆ ಒಟ್ಟು 85ರಿಂದ 90 ರನ್ ಬರುತ್ತವೆ. ಬಂಟ್ ಮಾಡಿ, ಒಂದು ಔಟನ್ನು ತೆತ್ತು, ಅವನನ್ನು ಎರಡನೆಯ ಬೇಸಿಗೆ ಸಾಗಿಸಿದ ಸ್ಥಿತಿಯಲ್ಲಿ ಬರುವುದು 65ರಿಂದ 70 ಮಾತ್ರ. ಎಂದರೆ ಕೊಟ್ಟದ್ದು ಹೆಚ್ಚು, ಬಂದದ್ದು ಕಡಿಮೆ. ಪಾತ್ರವರಿಯದ ದಾನದಂತೆ, ಹೊತ್ತರಿಯದ ತ್ಯಾಗವೂ ನಷ್ಟವೇ. ಈ ಅರಿವು ಹರಡಿದ ಮೇಲೆ ದೊಡ್ಡ ಲೀಗುಗಳಲ್ಲಿ ಬಂಟ್ ವಿರಳವಾಗುತ್ತ ಬಂತು. ದಾಂಡಿನಲ್ಲಿ ದುರ್ಬಲರಾದ ಎಸೆತಗಾರರೇ ಹೆಚ್ಚಾಗಿ ಬಂಟ್ ಮಾಡುತ್ತಿದ್ದರು. 2022ರಿಂದ ಅಲ್ಲಿನ ಎರಡು ಲೀಗುಗಳಲ್ಲೂ ಅವರ ಬದಲು ಬೇರೊಬ್ಬ ದಾಂಡು ಹಿಡಿಯುವ ನಿಯಮ ಬಂದ ಮೇಲೆ ಅದು ಇನ್ನೂ ಅಪರೂಪವಾಯಿತು.

ಹಾಗೆಂದು ಬಂಟ್ ಸತ್ತಿತೆ? ಇಲ್ಲ. ಅದೇ ಲೆಕ್ಕಿಗರು ಇನ್ನೊಂದು ಮಾತನ್ನೂ ಹೇಳುತ್ತಾರೆ. ಹೆಚ್ಚು ರನ್ ಬೇಕಾಗಿಲ್ಲ, ಒಂದೇ ಒಂದು ಸಾಕು; ಸಂಗಾತಿ ಎರಡನೆಯ ಬೇಸಿನಲ್ಲಿದ್ದಾನೆ, ಯಾರೂ ಔಟಾಗಿಲ್ಲ. ಇಂಥ ಹೊತ್ತಿನಲ್ಲಿ ಅವನನ್ನು ಮೂರನೆಯದಕ್ಕೆ ಸಾಗಿಸಿದರೆ ಆ ಒಂದು ರನ್ ಬರುವ ಸಂಭವ ನೂರಕ್ಕೆ ಅರವತ್ತರ ಸುಮಾರಿನಿಂದ ಅರವತ್ತೈದರ ಸುಮಾರಿಗೆ ಏರುತ್ತದೆ. ಸಾಫ್ಟ್‌ಬಾಲಿನಲ್ಲಿ ಬೇಸುಗಳು ಹತ್ತಿರ, ರನ್ನುಗಳು ವಿರಳ. ಒಂದು ರನ್ನಿಗೆ ಅಲ್ಲಿ ತೂಕ ಹೆಚ್ಚು. ಆದ್ದರಿಂದ ಬೇಸ್‌ಬಾಲಿನಲ್ಲಿ ಮಾಸಿದ ಬಂಟ್ ಹೆಂಗಸರ ಸಾಫ್ಟ್‌ಬಾಲಿನಲ್ಲಿ ಇನ್ನೂ ಹೊಳೆಯುತ್ತಿದೆ. ನಮ್ಮ ಹುಡುಗಿ ಅಂದು ದಾಂಡು ಹಿಡಿದು ಬಂದಾಗ ಮೈದಾನದ ಸ್ಥಿತಿ ಅಕ್ಷರಶಃ ಇದೇ ಆಗಿತ್ತು. ಆಕೆಯ ತ್ಯಾಗ ಭಾವುಕತೆಯದಲ್ಲ, ಲೆಕ್ಕಕ್ಕೆ ಸರಿಯಾದದ್ದು.

ಆದರೆ ಲೆಕ್ಕಕ್ಕೆ ಸಿಗದ ಒಂದು ಮಾತು ಉಳಿದಿದೆ. ಅರ್ಧ ಗಂಟೆಯ ಪಾಠ ಮುಗಿಸಿ ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು, “ನಮ್ಮವ್ವ ಕೇಳ್ತು ಸಾರ್, ನೀನೇನು ಹೊಡ್ದೆ ಅಂತ. ಔಟಾದೆ ಅಂದೆ. ‘ಔಟಾಗಕ್ಕೆ ಅಷ್ಟು ದೂರ ಹೋಗಿದ್ಯವ್ವ?’ ಅಂತು,” ಎಂದು ನಕ್ಕಳು. ಆಮೇಲೆ ನಗೆ ನಿಲ್ಲಿಸಿ, “ಬಂಟ್ ಚೆನ್ನಾಗಿ ಮಾಡ್ತೀನಿ ಅಂತ ಯಾವಾಗ್ಲೂ ನಂಗೇ ಬಂಟ್ ಮಾಡು ಅಂತಾರೆ ಸಾರ್. ಒಂದ್ಸಲ ಹೊಡೆಯಕ್ಕೆ ಬಿಡಿ ಅಂತ ಕೇಳ್ಬೇಕು ಅಂತಿದೀನಿ,” ಎಂದಳು.

ಈ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಕೊಂಡಿದೆ. ಚೆನ್ನಾಗಿ ತ್ಯಾಗ ಮಾಡಬಲ್ಲವರಿಂದಲೇ ನಾವು ಮತ್ತೆ ಮತ್ತೆ ತ್ಯಾಗವನ್ನು ಕೇಳುತ್ತೇವೆ. ಅವರ ಜಾಣ್ಮೆಯೇ ಅವರಿಗೆ ಸಂಕೋಲೆಯಾಗುತ್ತದೆ. ಕವಾಯ್‌ಗೆ ಅದು ಕಸುಬು; ಆತ ಅದಕ್ಕೆ ಸಂಬಳವನ್ನೂ ಕೀರ್ತಿಯನ್ನೂ ಪಡೆದ. ನಮ್ಮ ಊರುಗಳಲ್ಲಿ ಇದು ಮೈದಾನದ ಮಾತಾಗಿ ಉಳಿಯುವುದಿಲ್ಲ. ಬೆಳಗಾಗುವ ಮುನ್ನ ಹಳ್ಳಿಹಳ್ಳಿಗಳಿಂದ ಮದ್ದೂರಿನ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ವಾಹನಗಳನ್ನು ನೋಡಿರಿ. ಅವರಲ್ಲಿ ಎಷ್ಟೋ ಮಂದಿ ತಮ್ಮನ ಓದಿಗಾಗಿ, ತಂಗಿಯ ಮದುವೆಗಾಗಿ ಪಿ.ಯು.ಸಿ.ಗೆ ಪುಸ್ತಕ ಮುಚ್ಚಿದವರು. ಈ ಹುಡುಗಿಯ ಅಕ್ಕನೂ ಅವರಲ್ಲಿ ಒಬ್ಬಳೆಂದು ಆಮೇಲೆ ತಿಳಿಯಿತು. ತಮ್ಮ ಇಂಜಿನಿಯರಾದಾಗ ಊರಿನ ಹೆಬ್ಬಾಗಿಲಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ. ಫ್ಲೆಕ್ಸಿನಲ್ಲಿ ಅಕ್ಕನ ಚಿತ್ರ ಇರುವುದಿಲ್ಲ. ಅವನು ಎರಡನೆಯ ಬೇಸಿನಿಂದ ನೇರವಾಗಿ ಮನೆಗೆ ಹಾರಿಬಂದನೆಂದೇ ಊರು ತಿಳಿಯುತ್ತದೆ. ನಾನು ಬರೆದ ವರದಿಯೂ ಅಂಥದೊಂದು ಫ್ಲೆಕ್ಸೇ.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸಲು ಬೇಸ್‌ಬಾಲ್ ಬೇಕಾಗಿಯೂ ಇಲ್ಲ. ವಿಶ್ವೇಶ್ವರಯ್ಯ ನಾಲೆ ಸಾಕು. ನಾಲೆಯ ನೀರು ಕಟ್ಟು ಪದ್ಧತಿಯಲ್ಲಿ ಹರಿಯುವಾಗ ಮೇಲಿನ ಊರಿನವರು ತಮ್ಮ ತೂಬನ್ನು ಮುಚ್ಚದೆ ಕೊನೆಯ ಭಾಗದ ಮಳವಳ್ಳಿಯ ಗದ್ದೆಗೆ ನೀರು ಮುಟ್ಟುವುದಿಲ್ಲ. ತನ್ನ ಪೈರು ಬಾಯಾರಿ ನಿಂತಿರುವಾಗ ತೂಬು ಮುಚ್ಚುವುದು ತ್ಯಾಗವೇ. ಆದರೆ ಹಿಂದಿನ ಹಿರಿಯರು ಅದನ್ನು ಒಬ್ಬನ ದೊಡ್ಡಮನಸ್ಸಿಗೆ ಬಿಡಲಿಲ್ಲ. ನೀರುಗಂಟಿಯನ್ನು ನೇಮಿಸಿದರು, ಇಂದು ಇವನದು, ನಾಳೆ ಅವನದು ಎಂದು ಸರದಿ ಕಟ್ಟಿದರು. ಸರದಿ ತಪ್ಪಿದಲ್ಲಿ ಜಗಳ. ಸರದಿ ಇದ್ದಲ್ಲಿ ಬೆಳೆ. ಯಾವಾಗಲೂ ಒಬ್ಬನೇ ತೂಬು ಮುಚ್ಚಬೇಕೆಂದರೆ ಅದನ್ನು ಯಾವ ಊರೂ ತ್ಯಾಗವೆನ್ನುವುದಿಲ್ಲ, ಅನ್ಯಾಯವೆನ್ನುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ತ್ಯಾಗವನ್ನು ಹೊಗಳುವುದು ಸಾಕು. ಅದಕ್ಕೆ ಲೆಕ್ಕ ಇಡುವುದನ್ನು ಕಲಿಯಬೇಕು. ಮೊದಲನೆಯದಾಗಿ, ಅದೂ ಒಂದು ವಿದ್ಯೆಯೆಂದು ತಿಳಿಯಬೇಕು. ಬಂಟ್ ಮಾಡಲು ದೂರ ಹೊಡೆಯುವಷ್ಟೇ ಅಭ್ಯಾಸ ಬೇಕು, ಧೈರ್ಯವಂತೂ ಹೆಚ್ಚೇ ಬೇಕು. ಎರಡನೆಯದಾಗಿ, ಅದು ತಕ್ಕ ಹೊತ್ತೋ ಅಲ್ಲವೋ ಎಂದು ತೂಗಬೇಕು. ತೂಗದೆ ಕೇಳಿದ ತ್ಯಾಗ ಕೇಳಿದವನ ಸೋಮಾರಿತನ. ಮೂರನೆಯದಾಗಿ, ಅದನ್ನು ಹೆಸರು ಸಹಿತ ಬರೆದಿಡಬೇಕು, ಆತಕೂರಿನವರು ಬರೆದಿಟ್ಟಂತೆ. ಕೊನೆಯದಾಗಿ, ಅದು ಸರದಿಯ ಮೇಲೆ ಬರಬೇಕು. ಇಂದು ಬಂಟ್ ಮಾಡಿದವಳಿಗೆ ನಾಳೆ ದಾಂಡು ಬೀಸುವ ಹಕ್ಕು ಇರಬೇಕು; ಬೀಸಿ ತಪ್ಪುವ ಹಕ್ಕೂ ಇರಬೇಕು.

ನಮ್ಮ ಶಾಲಾ ಕಾಲೇಜುಗಳ ಕ್ರೀಡಾ ಫಲಕಗಳಲ್ಲಿ ಹೆಚ್ಚು ರನ್ ಹೊಡೆದವರ ಹೆಸರಿನ ಕೆಳಗೆ ಇನ್ನೊಂದು ಗೀಟು ಎಳೆದು, ಯಾರು ಯಾರನ್ನು ಮುಂದೆ ದಾಟಿಸಿದರೆಂದು ಬರೆಯಲು ಬೇಕಾಗುವುದು ಒಂದು ಸೀಮೆಸುಣ್ಣದ ತುಂಡು. ಅದಕ್ಕೆ ಯಾವ ಅನುದಾನವೂ ಬೇಡ, ಸುತ್ತೋಲೆಯೂ ಬೇಡ. ಬೇಕಾದದ್ದು ‘ಮೂರನೆಯ ಬೇಸಿಗೆ ಹೇಗೆ ಹೋದಳು?’ ಎಂದು ಕೇಳುವ ಅಭ್ಯಾಸ. ಆ ಅಭ್ಯಾಸ ಮೇಷ್ಟ್ರಿಗೆ ಬರುವ ಮೊದಲು ವಿದ್ಯಾರ್ಥಿನಿಗೆ ಬಂದಿತೆಂಬುದು ನನಗೆ ನಾಚಿಕೆಯ ವಿಷಯವೂ ಹೌದು, ಸಂತೋಷದ ವಿಷಯವೂ ಹೌದು.

ಹಿಂದಿನ ಕಾಲದ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಎಂಬುದೊಂದು ಇರುತ್ತಿತ್ತು. ಅಚ್ಚಿನಲ್ಲಿ ತಪ್ಪಿದ್ದನ್ನು ತಿದ್ದಿ ಓದಿಕೊಳ್ಳಿರೆಂದು ವಾಚಕರಲ್ಲಿ ಬಿನ್ನಹ. ಈ ಲೇಖನವನ್ನು ನಮ್ಮ ವಾರ್ಷಿಕ ಸಂಚಿಕೆಯ ಒಪ್ಪೋಲೆಯೆಂದು ಭಾವಿಸಬೇಕೆಂದು ಕೋರುತ್ತೇನೆ. ಅಲ್ಲಿ ಸೇರಬೇಕಾದ ಸಾಲು ಇದು: “ಎರಡನೆಯವಳಾಗಿ ಬಂದ ಆಟಗಾರ್ತಿ ಮೂರನೆಯ ಬೇಸಿನ ಗೆರೆಯತ್ತ ಬಂಟ್ ಮಾಡಿ, ತಾನು ಔಟಾಗಿ, ಸಂಗಾತಿಯನ್ನು ಮುಂದಕ್ಕೆ ದಾಟಿಸಿದಳು, ಪಂದ್ಯ ಗೆದ್ದದ್ದು ಅಲ್ಲಿ.” ಪತ್ರಿಕೆಯಲ್ಲಿ ತನ್ನ ಹೆಸರು ಬರುವುದು ಆಕೆಗೆ ಸಂಕೋಚ. ಆದ್ದರಿಂದ ಹೆಸರನ್ನು ಸಂಚಿಕೆಯ ಕಚೇರಿ ಪ್ರತಿಯಲ್ಲಿ, ನನ್ನ ಕೈಯಾರೆ, ಮಸಿಯಲ್ಲಿ ಬರೆದಿದ್ದೇನೆ.

ಮುಂದಿನ ಪಂದ್ಯದಲ್ಲಿ ಆಕೆ ಕೇಳಿಯೇ ಬಿಟ್ಟಳಂತೆ. ಹೊಡೆಯಲು ಒಪ್ಪಿಗೆಯೂ ಸಿಕ್ಕಿತಂತೆ. ದಾಂಡನ್ನು ಬಲವಾಗಿ ಬೀಸಿ, ಚೆಂಡು ಸಿಗದೆ, ಔಟಾಗಿ ಬಂದಳಂತೆ. “ಹೇಗನ್ನಿಸಿತಮ್ಮ?” ಎಂದು ಕೇಳಿದೆ. “ಚೆನ್ನಾಗಿತ್ತು ಸಾರ್,” ಎಂದಳು.

ಅದನ್ನೂ ಬರೆದಿಟ್ಟಿದ್ದೇನೆ.